ನಾಲ್ಕು ಡಿಸ್ಕ್ ಉಂಟು: ರೇಡ್ 5 ಮಾಡಿ ಒಂದನ್ನು ಸ್ಪೇರ್ ಇಡುವುದಾ, ಇಲ್ಲ ರೇಡ್ 6 ಮಾಡುವುದಾ?

ಆಟದ_ಕ್ಯಾಸೆಟ್ · ಮೇ 26, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ರಹ್ಮಾವರದ ಹತ್ತಿರ. ಪತ್ತನಾಜೆ ಕಳೆಯಿತು, ಯಕ್ಷಗಾನ ಮೇಳದವರು ಈ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರು. ಇನ್ನು ದೀಪಾವಳಿವರೆಗೆ ರಾತ್ರಿ ಹೊತ್ತು ನನಗೆ ಬಿಡುವು ಉಂಟು. ಹಾಗಾಗಿ ಎಷ್ಟೋ ವರ್ಷದಿಂದ ಮುಂದೆ ಹಾಕಿದ ಕೆಲಸಕ್ಕೆ ಕೈ ಹಾಕಿದ್ದೇನೆ.

ಅಪ್ಪನಿಗೆ ಆಟದ, ಅಂದರೆ ಯಕ್ಷಗಾನದ, ಹುಚ್ಚು. 2001ರಿಂದ 2011ರವರೆಗೆ ಸುತ್ತಮುತ್ತ ಎಲ್ಲಿ ಹರಕೆ ಆಟ ಇದ್ದರೂ ಕ್ಯಾಮೆರಾ ಹಿಡಿದು ಹೋಗುತ್ತಿದ್ದರು. ಹಾಗೆ ರೆಕಾರ್ಡ್ ಮಾಡಿದ ಮಿನಿ ಡಿವಿ ಕ್ಯಾಸೆಟ್ 310 ಉಂಟು. ತಾಳಮದ್ದಲೆಯ ಆಡಿಯೋ ಕ್ಯಾಸೆಟ್ ಬೇರೆ 200. ಅದರಲ್ಲಿ ಹಾಡಿದ ಕೆಲವು ಭಾಗವತರು ಈಗ ಇಲ್ಲ. ಮೊನ್ನೆ ಕಪಾಟು ತೆಗೆದಾಗ ಬೂಸ್ಟು ವಾಸನೆ ಬಂತು. ಈ ಮಳೆಗಾಲದೊಳಗೆ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಲೇಬೇಕು ಅಂತ ತೀರ್ಮಾನ ಮಾಡಿದೆ.

ಮಿನಿ ಡಿವಿ ಒಂದು ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. 310 ಕ್ಯಾಸೆಟ್‌ಗೆ 4 ಟಿಬಿ. ಆಡಿಯೋವನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿದರೆ ಗಂಟೆಗೆ 2 ಜಿಬಿ. ಎಲ್ಲ ಸೇರಿ 5 ಟಿಬಿ ಒಳಗೆ ಮುಗಿಯುತ್ತದೆ.

ನನ್ನ ಹತ್ತಿರ ಹಳೇ ಡೆಸ್ಕ್‌ಟಾಪ್ ಒಂದುಂಟು. ಎಸ್‌ಎಸ್‌ಡಿಯಲ್ಲಿ ಡೆಬಿಯನ್ ಹಾಕಿದ್ದೇನೆ. ಜೊತೆಗೆ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್. ರೇಡ್ ಅಂದರೆ ಡಿಸ್ಕ್ ಹಾಳಾದರೂ ಡೇಟಾ ಉಳಿಯುವ ಹಾಗೆ ಹಲವು ಡಿಸ್ಕುಗಳನ್ನು ಒಟ್ಟು ಸೇರಿಸುವುದು; ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೂ ಉಳಿಯುತ್ತದೆ, ರೇಡ್ 6ರಲ್ಲಿ ಎರಡು ಹೋದರೂ. ನನ್ನ ಯೋಚನೆ ಇಷ್ಟು: ಮೂರರಲ್ಲಿ ರೇಡ್ 5, ನಾಲ್ಕನೆಯದು ಸ್ಪೇರ್, ಅಂದರೆ ಖಾಲಿ ಕಾದಿರುವ ಡಿಸ್ಕ್. ಒಂದು ಹೋದರೆ ಸ್ಪೇರ್ ತಾನಾಗಿಯೇ ಕೆಲಸಕ್ಕೆ ಇಳಿಯುತ್ತದಲ್ಲ. ಇದು ಸರಿಯಾ? ಅನುಭವ ಇದ್ದವರು ಹೇಳಿ.

ಪುತ್ತೂರು_ಲಿನಕ್ಸ್ · ಮೇ 26, ರಾತ್ರಿ 10.05

ನಾಲ್ಕನ್ನೂ ರೇಡ್ 5ಕ್ಕೆ ಹಾಕಿ ಅಣ್ಣ. 12 ಟಿಬಿ ಸಿಗುತ್ತದೆ. ಸ್ಪೇರ್ ಅಂತ ಇಟ್ಟರೆ ಅದು ಖಾಲಿ ತಿರುಗುತ್ತಾ ಕೂರುತ್ತದೆ ಅಷ್ಟೇ.

ಕದ್ರಿ_ಸ್ಟುಡಿಯೋ · ಮೇ 26, ರಾತ್ರಿ 11.20

ದಯವಿಟ್ಟು ಹಾಗೆ ಮಾಡಬೇಡಿ. ನಾನು ಹಾಗೆ ಮಾಡಿ ಅನುಭವಿಸಿದ್ದೇನೆ.

ಮಂಗಳೂರಿನಲ್ಲಿ ಮದುವೆ ಫೋಟೋ, ವಿಡಿಯೋ ನನ್ನ ಕಸುಬು. ನಾಲ್ಕು ಡಿಸ್ಕಿನ ರೇಡ್ 5 ಇತ್ತು. ಎಲ್ಲ ಒಂದೇ ಅಂಗಡಿಯಲ್ಲಿ ಒಂದೇ ದಿನ ತಂದದ್ದು. ಮೂರು ವರ್ಷ ತೊಂದರೆ ಇಲ್ಲ. ಒಂದು ದಿನ ಒಂದು ಡಿಸ್ಕ್ ಹೋಯಿತು. ನನಗೇನೂ ಗಾಬರಿ ಆಗಲಿಲ್ಲ. ಹೊಸದು ತಂದೆ, ಹಾಕಿದೆ, ರೀಬಿಲ್ಡ್ (ಹೋದ ಡಿಸ್ಕಿನ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟುವುದು) ಶುರುವಾಯಿತು. 61 ಪರ್ಸೆಂಟಿಗೆ ಬಂದಾಗ ಇನ್ನೊಂದು ಡಿಸ್ಕಿನಲ್ಲಿ ಓದಲಾಗದ ಸೆಕ್ಟರ್ (ಡೇಟಾ ಇಡುವ ಸಣ್ಣ ತುಂಡು ಜಾಗ) ಸಿಕ್ಕಿತು. ರೀಬಿಲ್ಡ್ ಅಲ್ಲಿಗೇ ನಿಂತಿತು. ಇಡೀ ಅರೇ, ಅಂದರೆ ಡಿಸ್ಕುಗಳು ಸೇರಿದ ಗುಂಪು, ಬಿತ್ತು.

ಆ ಎರಡನೇ ಡಿಸ್ಕ್ ಅವತ್ತು ಹಾಳಾದದ್ದಲ್ಲ. ಆ ಸೆಕ್ಟರ್ ಎಷ್ಟೋ ತಿಂಗಳಿಂದ ಹಾಳಾಗಿಯೇ ಇತ್ತು. ಹಳೇ ಮದುವೆಯ ಫೈಲ್ ಅದು, ಯಾರೂ ತೆರೆದು ನೋಡಿರಲಿಲ್ಲ. ರೀಬಿಲ್ಡ್ ಅಂದರೆ ಉಳಿದ ಎಲ್ಲ ಡಿಸ್ಕುಗಳನ್ನು ಮೊದಲಿಂದ ಕೊನೆವರೆಗೆ ಓದಬೇಕು. ಹಾಗಾಗಿ ಮುಚ್ಚಿಕೊಂಡಿದ್ದ ತಪ್ಪು ಸರಿಯಾಗಿ ಆ ಹೊತ್ತಿಗೇ ಮೇಲೆ ಬಂತು.

ಹನ್ನೊಂದು ಮದುವೆಯ ವಿಡಿಯೋ ಹೋಯಿತು. ಅದರಲ್ಲಿ ಒಬ್ಬರು ಮದುಮಗಳ ತಂದೆ ಮದುವೆಯಾಗಿ ಎರಡು ತಿಂಗಳಿಗೆ ತೀರಿಕೊಂಡಿದ್ದರು. ಅವರ ಮನೆಗೆ ಹೋಗಿ ವಿಷಯ ಹೇಳಬೇಕಾದ ದಿನ ನನಗೆ ಇವತ್ತಿಗೂ ಮರೆಯುವುದಿಲ್ಲ.

ಆಟದ_ಕ್ಯಾಸೆಟ್ · ಮೇ 26, ರಾತ್ರಿ 11.48

ಓದಿ ಬೇಜಾರಾಯಿತು ಅಣ್ಣ. ಹಾಗಾದರೆ ಸ್ಪೇರ್ ಇದ್ದಿದ್ದರೆ ಉಳಿಯುತ್ತಿತ್ತಾ?

ಮಣಿಪಾಲ_ಸರ್ವರ್‌ರೂಮ್ · ಮೇ 27, ಬೆಳಿಗ್ಗೆ 7.15

ಉಳಿಯುತ್ತಿರಲಿಲ್ಲ. ಸ್ಪೇರ್ ಇದ್ದಿದ್ದರೆ ರೀಬಿಲ್ಡ್ ಸ್ವಲ್ಪ ಬೇಗ ಶುರುವಾಗುತ್ತಿತ್ತು, ಅಷ್ಟೇ. 61 ಪರ್ಸೆಂಟಿನಲ್ಲಿ ಅದೇ ಸೆಕ್ಟರ್ ಅಡ್ಡ ಬರುತ್ತಿತ್ತು. ನಾನು ಹದಿನಾಲ್ಕು ವರ್ಷದಿಂದ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ಸ್ಪೇರ್ ಅಂದ ಕೂಡಲೇ ಜನ ಡೇಟಾಕ್ಕೆ ಕಾವಲು ಸಿಕ್ಕಿತು ಅಂದುಕೊಳ್ಳುತ್ತಾರೆ. ಸ್ಪೇರಿನಲ್ಲಿ ನಿಮ್ಮ ಡೇಟಾದ ಒಂದು ಬೈಟ್ ಕೂಡ ಇಲ್ಲ. ಹೊಸ ಡಿಸ್ಕ್ ತರಲು ಅಂಗಡಿಗೆ ಹೋಗಿ ಬರುವ ಸಮಯವನ್ನು ಮಾತ್ರ ಅದು ಉಳಿಸುತ್ತದೆ.

ಈಗ ನಿಮ್ಮ ನಾಲ್ಕು ಡಿಸ್ಕ್ ನೋಡೋಣ. ರೇಡ್ 5 ಮೂರರಲ್ಲಿ, ಒಂದು ಸ್ಪೇರ್: ನಿಮಗೆ ಸಿಗುವ ಜಾಗ 8 ಟಿಬಿ. ರೇಡ್ 6 ನಾಲ್ಕರಲ್ಲಿ: ಅದೂ 8 ಟಿಬಿ. ಜಾಗ ಒಂದೇ, ಖರ್ಚು ಒಂದೇ. ಆದರೆ ಮೊದಲನೆಯದರಲ್ಲಿ ಒಂದು ಡಿಸ್ಕ್ ಬಿದ್ದರೆ ರೀಬಿಲ್ಡ್ ಮುಗಿಯುವವರೆಗೆ ನಿಮಗೆ ಯಾವ ಆಸರೆಯೂ ಇಲ್ಲ. 4 ಟಿಬಿ ಡಿಸ್ಕಿಗೆ ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ ಏಳೂವರೆ ಗಂಟೆ. ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡುತ್ತಿದ್ದರೆ ಇನ್ನೂ ಜಾಸ್ತಿ. ರೇಡ್ 6ರಲ್ಲಿ ಯಾವ ಎರಡು ಡಿಸ್ಕ್ ಹೋದರೂ ಡೇಟಾ ಇರುತ್ತದೆ. ಒಂದು ಬಿದ್ದಾಗ ಇನ್ನೊಂದರಲ್ಲಿ ಕೆಟ್ಟ ಸೆಕ್ಟರ್ ಸಿಕ್ಕಿದರೂ ಲೆಕ್ಕ ಹಾಕಿ ತುಂಬಿಸಿಕೊಳ್ಳುತ್ತದೆ. ಕದ್ರಿಯವರ ಕತೆಯಲ್ಲಿ ಬೇಕಾಗಿದ್ದದ್ದು ಅದು. ನಾಲ್ಕನೇ ಡಿಸ್ಕ್ ಹೇಗೂ ತಿರುಗುತ್ತಾ ಸವೆಯುತ್ತದೆ. ಅದು ಕೆಲಸ ಮಾಡುತ್ತಲೇ ಸವೆಯಲಿ ಅಲ್ವಾ?

ರೇಡ್ 6ರಲ್ಲಿ ಸಣ್ಣ ಸಣ್ಣ ಬರಹ ನಿಧಾನ ಆಗುತ್ತದೆ, ಅದು ನಿಜ. ನೀವು ಡಿವಿ ಇಳಿಸುವಾಗ ಬರುವುದು ಸೆಕೆಂಡಿಗೆ 3.6 ಎಂಬಿ. ಅದಕ್ಕೆ ಏನೇನೂ ತೊಂದರೆ ಇಲ್ಲ.

ಪುತ್ತೂರು_ಲಿನಕ್ಸ್ · ಮೇ 27, ಬೆಳಿಗ್ಗೆ 8.02

ಅಕ್ಕ, ಡಿಸ್ಕುಗಳನ್ನು ಜೋಡಿ ಮಾಡಿ ಜೋಡಿಯ ಎರಡರಲ್ಲೂ ಒಂದೇ ಡೇಟಾ ಇಡುವ ರೇಡ್ 10 ಯಾಕೆ ಬೇಡ? ಅದೂ 8 ಟಿಬಿ. ರೀಬಿಲ್ಡಿಗೆ ಜೋಡಿ ಡಿಸ್ಕ್ ಒಂದನ್ನು ಓದಿದರೆ ಸಾಕು.

ಮಣಿಪಾಲ_ಸರ್ವರ್‌ರೂಮ್ · ಮೇ 27, ಬೆಳಿಗ್ಗೆ 8.20

ಡೇಟಾಬೇಸ್ ಓಡಿಸುವವರಿಗೆ ನಾನೇ ಅದನ್ನು ಹೇಳುತ್ತೇನೆ. ಆದರೆ ಜೋಡಿಯ ಎರಡೂ ಹೋದರೆ ಕತೆ ಮುಗಿಯಿತು. ಇವರದ್ದು ಒಮ್ಮೆ ಬರೆದು ಹತ್ತು ವರ್ಷ ಇಡುವ ಸಾಮಾನು. ವೇಗ ಬೇಡ, ಯಾವ ಎರಡು ಹೋದರೂ ಉಳಿಯಬೇಕು.

ನಿವೃತ್ತ_ಲೆಕ್ಚರರ್ · ಮೇ 27, ಮಧ್ಯಾಹ್ನ 2.30

ಒಳ್ಳೆಯ ಚರ್ಚೆ. ರೇಡ್ 5, 6 ಕಳೆದ ಡೇಟಾವನ್ನು ತುಂಬಿಸಿಕೊಳ್ಳುವುದು ಪ್ಯಾರಿಟಿ ಅನ್ನುವ ಲೆಕ್ಕದಿಂದ. ಅದು ಏನು ಅಂತ ಗೊತ್ತಿಲ್ಲದೆ ಓದುತ್ತಿರುವವರಿಗಾಗಿ ಸ್ವಲ್ಪ ಬರೆಯುತ್ತೇನೆ.

ಅಡಿಕೆ ಮೂರು ಗೋಣಿ ಉಂಟು ಅಂತ ಇಟ್ಟುಕೊಳ್ಳಿ. ತೂಕ 48, 52, 50 ಕಿಲೋ. ಮೂರು ಚೀಟಿಯಲ್ಲಿ ಬರೆದಿರಿ. ನಾಲ್ಕನೇ ಚೀಟಿಯಲ್ಲಿ ಒಟ್ಟು 150 ಅಂತ ಬರೆದಿರಿ. ಈಗ 52ರ ಚೀಟಿ ಕಳೆದುಹೋದರೂ ಚಿಂತೆ ಇಲ್ಲ. 150ರಿಂದ 98 ಕಳೆದರೆ ಸಿಕ್ಕಿತು. ರೇಡ್ 5 ಮಾಡುವುದು ಇಷ್ಟೇ. ಕೂಡುವ ಬದಲು ಎಕ್ಸ್‌ಆರ್ ಅನ್ನುವ ಲೆಕ್ಕ ಮಾಡುತ್ತದೆ. ಒಟ್ಟಿನ ಚೀಟಿಯನ್ನು ಒಂದೇ ಡಿಸ್ಕಿನಲ್ಲಿ ಇಡದೆ ಸರದಿಯ ಮೇಲೆ ಎಲ್ಲ ಡಿಸ್ಕುಗಳಿಗೂ ಹಂಚುತ್ತದೆ.

ಎರಡು ಚೀಟಿ ಹೋದರೆ? ಒಟ್ಟು ಒಂದೇ ಸಾಲದು. ಬೇರೆ ರೀತಿಯ ಇನ್ನೊಂದು ಲೆಕ್ಕ ಬೇಕು. ಮೊದಲ ಗೋಣಿಗೆ ಒಂದು ಪಾಲು, ಎರಡನೆಯದಕ್ಕೆ ಎರಡು ಪಾಲು, ಮೂರನೆಯದಕ್ಕೆ ಮೂರು ಪಾಲು ಅಂತ ಗುಣಿಸಿ ಕೂಡಿದ ಲೆಕ್ಕ ಇದ್ದ ಹಾಗೆ. ಎರಡು ಸಮೀಕರಣ ಇದ್ದರೆ ಗೊತ್ತಿಲ್ಲದ ಎರಡು ಸಂಖ್ಯೆ ಸಿಗುತ್ತದೆ, ಹೈಸ್ಕೂಲಿನ ಗಣಿತ. ರೇಡ್ 6ರ ಎರಡನೇ ಪ್ಯಾರಿಟಿ ಅದೇ.

ರೇಡ್ ಅನ್ನುವ ಹೆಸರು 1988ರ ಒಂದು ಪ್ರಬಂಧದಿಂದ ಬಂತು. ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಬರೆದದ್ದು. ಆಗಿನ ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳನ್ನು ಒಟ್ಟು ಸೇರಿಸಿ ಕೆಲಸ ಮಾಡಿಸಬಹುದಾ ಅನ್ನುವುದು ಅವರ ಪ್ರಶ್ನೆ. ಡಿಸ್ಕ್ ಜಾಸ್ತಿ ಆದ ಹಾಗೆ ಯಾವುದಾದರೂ ಒಂದು ಹಾಳಾಗುವ ಸಂಭವವೂ ಜಾಸ್ತಿ. ಅದಕ್ಕೇ ಈ ಪ್ಯಾರಿಟಿ, ಮಿರರ್ (ಒಂದೇ ಡೇಟಾ ಎರಡು ಡಿಸ್ಕಿನಲ್ಲಿ ಇಡುವುದು) ಎಲ್ಲ ಬೇಕಾಯಿತು.

ಆಟದ_ಕ್ಯಾಸೆಟ್ · ಮೇ 27, ರಾತ್ರಿ 9.10

ಮೇಷ್ಟ್ರೇ, ಗೋಣಿ ಲೆಕ್ಕದಲ್ಲಿ ಅಪ್ಪನಿಗೂ ಅರ್ಥವಾಯಿತು. ಧನ್ಯವಾದ. ರೇಡ್ 6 ಅಂತಲೇ ತೀರ್ಮಾನ ಮಾಡುತ್ತೇನೆ. ಹಾಗಾದರೆ ಸ್ಪೇರ್ ಯಾರಿಗೆ ಬೇಕು? ಅದನ್ನೂ ತಿಳಿಯುವ ಆಸೆ.

ಮಣಿಪಾಲ_ಸರ್ವರ್‌ರೂಮ್ · ಮೇ 27, ರಾತ್ರಿ 10.30

ಬೇಗ ಹೋಗಿ ಡಿಸ್ಕ್ ಬದಲಾಯಿಸಲು ಯಾರೂ ಇಲ್ಲದ ಕಡೆ ಬೇಕು. ನಮ್ಮ ಆಫೀಸು ಶನಿವಾರ, ಭಾನುವಾರ ಬಾಗಿಲು ಹಾಕಿರುತ್ತದೆ. ಚೌತಿಗೋ ಅಷ್ಟಮಿಗೋ ರಜೆ ಸೇರಿದರೆ ಮೂರು ದಿನ. ಶುಕ್ರವಾರ ರಾತ್ರಿ ಡಿಸ್ಕ್ ಬಿದ್ದರೆ ಸೋಮವಾರದವರೆಗೆ ಅರೇ ಕುಂಟುತ್ತಾ ಇರಬಾರದು. ಹಾಗಾಗಿ ರೇಡ್ 6ರ ಜೊತೆಗೇ ಒಂದು ಹಾಟ್ ಸ್ಪೇರ್, ಅಂದರೆ ಒಳಗೇ ತಿರುಗುತ್ತಾ ಸಿದ್ಧವಾಗಿರುವ ಸ್ಪೇರ್, ಇಟ್ಟಿದ್ದೇವೆ. ಲಿನಕ್ಸಿನಲ್ಲಿ ಎರಡು ಮೂರು ಅರೇಗೆ ಒಂದೇ ಸ್ಪೇರ್ ಹಂಚಿಕೊಳ್ಳುವ ಹಾಗೂ ಮಾಡಬಹುದು. ಲಿನಕ್ಸಿನಲ್ಲಿ ರೇಡ್ ನಡೆಸುವ ಎಂಡಿಎಡಿಎಂ ಪ್ರೋಗ್ರಾಮಿನ ಕಾನ್ಫಿಗ್ ಫೈಲಿನಲ್ಲಿ ಆ ಅರೇಗಳಿಗೆಲ್ಲ ಒಂದೇ ಸ್ಪೇರ್ ಗ್ರೂಪ್ ಹೆಸರು ಕೊಡಬೇಕು, ಅರೇಗಳ ಮೇಲೆ ಕಣ್ಣಿಡುವ ಅದರ ಮಾನಿಟರ್ ಯಾವಾಗಲೂ ಓಡುತ್ತಿರಬೇಕು. ಮಾನಿಟರ್ ನಿಂತಿದ್ದರೆ ಸ್ಪೇರ್ ಒಂದು ಅರೇಯಿಂದ ಇನ್ನೊಂದಕ್ಕೆ ಹೋಗುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಮೊದಲು ಕೆಲಸ ಮಾಡಿದ ಕಡೆ ಒಂದು ಸ್ಪೇರ್ ಎರಡೂವರೆ ವರ್ಷ ಸುಮ್ನೆ ತಿರುಗುತ್ತಿತ್ತು. ಪ್ರತಿ ತಿಂಗಳು ಅರೇ ಚೆಕ್ ಆಗುತ್ತಿತ್ತು, ಎಲ್ಲ ಸರಿ ಅಂತ ಬರುತ್ತಿತ್ತು. ಒಂದು ಡಿಸ್ಕ್ ಬಿದ್ದು ಸ್ಪೇರ್ ಒಳಗೆ ಬಂತು. ನಲವತ್ತು ನಿಮಿಷದಲ್ಲಿ ಅದೂ ಬಿತ್ತು. ಆಮೇಲೆ ಗೊತ್ತಾಯಿತು, ತಿಂಗಳ ಚೆಕ್ ಓದುವುದು ಅರೇಯಲ್ಲಿ ಕೆಲಸ ಮಾಡುವ ಡಿಸ್ಕುಗಳನ್ನು ಮಾತ್ರ. ಸ್ಪೇರನ್ನು ಮುಟ್ಟುವುದೇ ಇಲ್ಲ. ಅದು ಯಾವಾಗ ಹಾಳಾಯಿತು ಅಂತ ಯಾರಿಗೂ ಗೊತ್ತಿಲ್ಲ. ಅವತ್ತಿನಿಂದ ಸ್ಪೇರಿಗೆ ತಿಂಗಳಿಗೊಮ್ಮೆ, ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸುವ ಸ್ಮಾರ್ಟ್ ಸೌಲಭ್ಯದ ಲಾಂಗ್ ಟೆಸ್ಟ್ (ಇಡೀ ಡಿಸ್ಕ್ ಓದುವುದು) ಹಾಕುತ್ತೇನೆ. ಸ್ಪೇರ್ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತೇ ಹಾಕಿ.

ಕಡಲತಡಿ · ಮೇ 28, ಬೆಳಿಗ್ಗೆ 6.50

ಮಲ್ಪೆಯಿಂದ. ಮನೆಯಲ್ಲಿ ಇಡುವವರಿಗೆ ಕಪಾಟಿನಲ್ಲಿ ಒಂದು ಡಿಸ್ಕ್ ತಂದಿಟ್ಟರೆ ಸಾಕು, ಒಳಗೆ ತಿರುಗಿಸುವುದು ಬೇಡ. ಆದರೆ ನಮ್ಮ ಕರಾವಳಿಯಲ್ಲಿ ಬರೀ ಹಾಗೆ ಇಟ್ಟರೆ ಆಗದು. ಉಪ್ಪು ಗಾಳಿ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಡಿಸ್ಕಿನ ಹಿಂದೆ ಕನೆಕ್ಟರಿನ ಹಳದಿ ಪಟ್ಟಿ ಉಂಟಲ್ಲ, ಅದರ ಮೇಲೆ ಮಸಿ ಹಿಡಿದ ಹಾಗೆ ಕಪ್ಪಗಾಗಿರುವುದನ್ನು ನಾನು ನೋಡಿದ್ದೇನೆ. ಬಂದ ಕವರಿನಲ್ಲೇ ಹಾಕಿ, ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮೂರು ತಿಂಗಳಿಗೊಮ್ಮೆ ತೆಗೆದು ಓಡಿಸಿ ನೋಡಿ. ವಾರಂಟಿ ಲೆಕ್ಕ ಶುರುವಾಗುವುದು ತಂದ ದಿನದಿಂದಲೇ ಅನ್ನುವುದೂ ನೆನಪಿರಲಿ.

ಕೇಬಲ್ ಬಗ್ಗೆ ಒಂದು ಮಾತು. ಸ್ಮಾರ್ಟ್ ಪಟ್ಟಿಯಲ್ಲಿ 199ನೇ ನಂಬರ್ (ಡೇಟಾ ಸಾಗುವಾಗ ಆದ ತಪ್ಪಿನ ಲೆಕ್ಕ) ಏರುತ್ತಿದ್ದರೆ ಡಿಸ್ಕ್ ಬಿಸಾಡಬೇಡಿ, ಮೊದಲು ಸಾಟಾ ಕೇಬಲ್ ಬದಲಾಯಿಸಿ. ಡಿಸ್ಕಿನದ್ದೇ ತೊಂದರೆ ಆದರೆ ಕೆಟ್ಟ ಸೆಕ್ಟರ್ ಲೆಕ್ಕ ಇಡುವ 5, 197, 198 ಏರುತ್ತದೆ.

ಬೂಸ್ಟು ಬಂದ ಕ್ಯಾಸೆಟ್ ಪ್ಲೇಯರಿಗೆ ಹಾಕಬೇಡಿ. ಹೆಡ್ ಹಾಳಾಗುತ್ತದೆ, ಬೂಸ್ಟು ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. ಮೊದಲು ಬೇರೆ ಮಾಡಿ ಇಡಿ.

ಪುತ್ತೂರು_ಲಿನಕ್ಸ್ · ಮೇ 28, ಬೆಳಿಗ್ಗೆ 9.00

ಕದ್ರಿ ಅಣ್ಣನ ಪೋಸ್ಟ್ ಓದಿದ ಮೇಲೆ ನನ್ನ ಮೊದಲ ಉತ್ತರ ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಜೆಡ್‌ಎಫ್‌ಎಸ್ (ರೇಡನ್ನೂ ಒಳಗೊಂಡ ಫೈಲ್ ಸಿಸ್ಟಮ್) ಬಗ್ಗೆ ಯಾರೂ ಹೇಳಲಿಲ್ಲ. ಅದರ ರೇಡ್‌ಜೆಡ್ 2 ಸಹ ಎರಡು ಡಿಸ್ಕ್ ಹೋದರೂ ತಡೆದುಕೊಳ್ಳುತ್ತದೆ. ಪ್ರತಿ ಬ್ಲಾಕಿಗೂ ಡೇಟಾ ಬದಲಾಯಿತಾ ಅಂತ ತಿಳಿಸುವ ಲೆಕ್ಕ, ಅಂದರೆ ಚೆಕ್‌ಸಮ್ ಇಡುತ್ತದೆ, ಹಾಗಾಗಿ ಡಿಸ್ಕ್ ಸುಳ್ಳು ಡೇಟಾ ಕೊಟ್ಟರೆ ಹಿಡಿಯುತ್ತದೆ. ರೀಬಿಲ್ಡ್ ಮಾಡುವಾಗ ಖಾಲಿ ಜಾಗ ಬಿಟ್ಟು ಡೇಟಾ ಇರುವಷ್ಟನ್ನೇ ಮಾಡುತ್ತದೆ. ಇನ್ನೊಂದು ಫೈಲ್ ಸಿಸ್ಟಮ್ ಆದ ಬಿಟಿಆರ್‌ಎಫ್‌ಎಸ್‌ನ ರೇಡ್ 5, 6 ಮಾತ್ರ ಬೇಡ, ಅದನ್ನು ಮಾಡಿದವರೇ ಬೇಡ ಅನ್ನುತ್ತಾರೆ.

ಮಣಿಪಾಲ_ಸರ್ವರ್‌ರೂಮ್ · ಮೇ 28, ಬೆಳಿಗ್ಗೆ 9.40

ತಮ್ಮ ಹೇಳಿದ್ದು ಸರಿ. ಲಿನಕ್ಸಿನ ಎಂಡಿ ರೇಡಿಗೆ (ಎಂಡಿಎಡಿಎಂ ನಡೆಸುವುದು ಇದನ್ನೇ) ಡೇಟಾ ಮತ್ತು ಪ್ಯಾರಿಟಿ ಹೊಂದಿಕೆ ಆಗದಿದ್ದರೆ ಯಾವುದು ಸತ್ಯ ಅಂತ ತಿಳಿಯುವುದಿಲ್ಲ. ರಿಪೇರಿ ಅಂದರೆ ಇರುವ ಡೇಟಾವನ್ನೇ ನಂಬಿ ಪ್ಯಾರಿಟಿ ತಿದ್ದಿಬಿಡುತ್ತದೆ. ಜೆಡ್‌ಎಫ್‌ಎಸ್ ಗೊತ್ತಿದ್ದರೆ ಅದನ್ನೇ ಹಾಕಿ. ಗೊತ್ತಿಲ್ಲದಿದ್ದರೆ ಎಂಡಿ ಸಾಕು, ಜೊತೆಗೆ ಪ್ರತಿ ಫೈಲಿಗೂ ಶಾ 256 ಚೆಕ್‌ಸಮ್ ತೆಗೆದು ಒಂದು ಪಟ್ಟಿ ಮಾಡಿ ಇಡಿ. ರಾತ್ರಿ ಎರಡು ಗಂಟೆಗೆ ಅರೇ ಬಿದ್ದಾಗ ನಿಮಗೆ ಕೈ ಬರುವ ಉಪಕರಣ ಯಾವುದೋ ಅದನ್ನು ಬಳಸಿ. ಮದರ್‌ಬೋರ್ಡಿನ ಬಯಾಸ್‌ನಲ್ಲಿ ರೇಡ್ ಅಂತ ಒಂದು ಆಯ್ಕೆ ಇರುತ್ತದೆ, ಅದರ ತಂಟೆಗೆ ಹೋಗಬೇಡಿ. ಬೋರ್ಡ್ ಹೋದರೆ ಡಿಸ್ಕ್ ಓದಲು ಪರದಾಟ.

ಆಟದ_ಕ್ಯಾಸೆಟ್ · ಮೇ 28, ರಾತ್ರಿ 8.30

ಜೆಡ್‌ಎಫ್‌ಎಸ್ ನನಗೆ ಹೊಸದು. ಎಂಡಿಯಲ್ಲೇ ಹೋಗುತ್ತೇನೆ. ಈ ವಾರಾಂತ್ಯ ಶುರು ಮಾಡುತ್ತೇನೆ. ಶುರು ಮಾಡುವ ಮೊದಲು ಏನೆಲ್ಲ ನೋಡಿಕೊಳ್ಳಬೇಕು ಅಕ್ಕ?

ಮಣಿಪಾಲ_ಸರ್ವರ್‌ರೂಮ್ · ಮೇ 28, ರಾತ್ರಿ 11.15

ಮೊದಲು ಡಿಸ್ಕಿನ ಮಾಡೆಲ್ ನಂಬರ್ ಹುಡುಕಿ, ಸಿಎಂಆರ್ ಆ, ಎಸ್‌ಎಂಆರ್ ಆ ನೋಡಿ. ಡೇಟಾ ಬರೆಯುವ ಎರಡು ವಿಧಾನ ಅವು. ಸಿಎಂಆರ್‌ನಲ್ಲಿ ಡೇಟಾ ಬರೆಯುವ ಟ್ರ್ಯಾಕುಗಳು ಪಕ್ಕ ಪಕ್ಕ ಇರುತ್ತವೆ. ಎಸ್‌ಎಂಆರ್‌ನಲ್ಲಿ ಟ್ರ್ಯಾಕುಗಳು ಹಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದು ಹಂಚು ಬದಲಾಯಿಸಲು ಅದರ ಮೇಲೆ ಕೂತ ಸಾಲನ್ನೂ ಎಬ್ಬಿಸಬೇಕು ಅಲ್ವಾ, ಹಾಗೆಯೇ. ನಿರಂತರ ಬರೆಯುವಾಗ ವೇಗ ಕುಸಿಯುತ್ತದೆ. ರೀಬಿಲ್ಡ್ ಗಂಟೆ ಲೆಕ್ಕದಿಂದ ದಿನಗಳ ಲೆಕ್ಕಕ್ಕೆ ಹೋಗುತ್ತದೆ. ನಾಸ್‌ಗೆ (ನೆಟ್‌ವರ್ಕಿನಲ್ಲಿ ಫೈಲ್ ಇಡುವ ಪೆಟ್ಟಿಗೆಗೆ) ಅಂತ ಮಾರುವ ಡಿಸ್ಕಿನಲ್ಲೂ ಇದು ಇರಬಹುದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕುಗಳು ಎಸ್‌ಎಂಆರ್ ಅಂತ ಒಪ್ಪಿಕೊಂಡಿತು. ಈಗ ಸಿಎಂಆರ್ ಬೇಕಾದವರಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರಿದೆ.

ಎರಡನೆಯದು ಟೈಮ್‌ಔಟ್. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂದು ಕೆಟ್ಟ ಸೆಕ್ಟರ್ ಓದಲು ಒಂದು ನಿಮಿಷಕ್ಕಿಂತ ಜಾಸ್ತಿ ಒದ್ದಾಡಬಹುದು. ಲಿನಕ್ಸ್ ಕಾಯುವುದು 30 ಸೆಕೆಂಡ್. ಆಮೇಲೆ ಡಿಸ್ಕನ್ನೇ ರೀಸೆಟ್ ಮಾಡುತ್ತದೆ, ಒಂದು ಸೆಕ್ಟರ್‌ಗಾಗಿ ಇಡೀ ಡಿಸ್ಕ್ ಅರೇಯಿಂದ ಹೊರಗೆ ಬೀಳುತ್ತದೆ. ಸ್ಮಾರ್ಟ್ ನೋಡುವ ಸ್ಮಾರ್ಟ್‌ಸಿಟಿಎಲ್ ಕಮಾಂಡಿನಲ್ಲಿ ಎಸ್‌ಸಿಟಿ ಇಆರ್‌ಸಿ ಅಂತ ಇದೆ, ಡಿಸ್ಕ್ ಎಷ್ಟು ಹೊತ್ತು ಒದ್ದಾಡಬಹುದು ಅನ್ನುವ ಮಿತಿ; ಅದನ್ನು 70 ಅಂತ ಇಡಿ. 70 ಅಂದರೆ 7 ಸೆಕೆಂಡ್. ನಿಮ್ಮ ಡಿಸ್ಕಿಗೆ ಆ ಸೌಲಭ್ಯ ಇಲ್ಲದಿದ್ದರೆ ಲಿನಕ್ಸಿನ ಟೈಮ್‌ಔಟನ್ನೇ 180 ಸೆಕೆಂಡಿಗೆ ಏರಿಸಿ. ಎರಡೂ ರೀಬೂಟ್ ಆದರೆ ಮರೆತುಹೋಗುತ್ತದೆ, ಸ್ಕ್ರಿಪ್ಟಿನಲ್ಲಿ ಹಾಕಿಡಿ.

ಪಾರ್ಟಿಷನ್ ಮಾಡುವಾಗ ಕೊನೆಯಲ್ಲಿ 100 ಎಂಬಿ ಖಾಲಿ ಬಿಡಿ. ನಾಳೆ ಬೇರೆ ಕಂಪನಿಯ 4 ಟಿಬಿ ತಂದರೆ ಅದು ಕೆಲವೇ ಸೆಕ್ಟರ್ ಚಿಕ್ಕದಾಗಿದ್ದರೂ ಅರೇ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಅರೇ ಮಾಡಿದ ಮೇಲೆ ಅದರ ವಿವರವನ್ನು ಕಾನ್ಫಿಗ್ ಫೈಲಿಗೆ ಸೇರಿಸಿ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಲೋಡ್ ಆಗುವ ಫೈಲ್) ಅಪ್‌ಡೇಟ್ ಮಾಡಿ. ಮರೆತರೆ ಮುಂದಿನ ಬೂಟಿಗೆ ಅರೇಯ ಹೆಸರು ಎಂಡಿ 0 ಇದ್ದದ್ದು ಎಂಡಿ 127 ಅಂತ ಎದ್ದು ಬರುತ್ತದೆ. ಮೌಂಟ್ ಮಾಡುವುದು (ಬಳಕೆಗೆ ಜೋಡಿಸುವುದು) ಆ ಹೆಸರಿನಿಂದ ಬೇಡ, ಬದಲಾಗದ ಗುರುತಾದ ಯುಯುಐಡಿಯಿಂದ. ರೈಟ್ ಇಂಟೆಂಟ್ ಬಿಟ್‌ಮ್ಯಾಪ್ ಇರಲಿ. ಕರೆಂಟು ಹೋಗಿ ಬಂದಾಗ ಇಡೀ 4 ಟಿಬಿ ಮತ್ತೆ ಹೊಂದಿಸುವ ಬದಲು ಆ ಹೊತ್ತಿಗೆ ಬರೆಯುತ್ತಿದ್ದ ಜಾಗವನ್ನು ಮಾತ್ರ ನೋಡುತ್ತದೆ.

ಕದ್ರಿ_ಸ್ಟುಡಿಯೋ · ಮೇ 29, ಬೆಳಿಗ್ಗೆ 7.30

ನಾನು ಒಂದನ್ನು ಸೇರಿಸುತ್ತೇನೆ: ಡಿಸ್ಕಿಗೆ ಹೆಸರು ಬರೆಯಿರಿ. ಕಂಪ್ಯೂಟರ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರು ನಂಬಬೇಡಿ, ರೀಬೂಟಿಗೆ ಬದಲಾಗುತ್ತದೆ. ನಾನು ಬಿಳಿ ಟೇಪ್ ತುಂಡು ಮಾಡಿ, ಸೀರಿಯಲ್ ನಂಬರಿನ ಕೊನೇ ನಾಲ್ಕು ಅಕ್ಷರ ಬರೆದು, ಬಾಗಿಲು ತೆಗೆದ ಕೂಡಲೇ ಕಾಣುವ ಅಂಚಿಗೆ ಅಂಟಿಸಿದ್ದೇನೆ. ಗಾಬರಿಯಲ್ಲಿ ಒಳ್ಳೇ ಡಿಸ್ಕ್ ಎಳೆದು ಅರೇ ಕಳೆದುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು. ಅರೇ ಬಿದ್ದಾಗ ಯಾರೋ ಹೇಳಿದರು ಅಂತ ಮತ್ತೆ ಕ್ರಿಯೇಟ್ ಕಮಾಂಡ್ ಕೊಡಬೇಡಿ. ಡಿಸ್ಕುಗಳ ಕ್ರಮ ತಪ್ಪಿದರೆ ಇದ್ದ ಡೇಟಾವೂ ಹೋಗುತ್ತದೆ. ಕಂಪ್ಯೂಟರ್ ಆಫ್ ಮಾಡಿ. ಕೆಟ್ಟ ಡಿಸ್ಕನ್ನು ಡಿಡಿರೆಸ್ಕ್ಯೂ (ಹಾಳಾದ ಡಿಸ್ಕಿನಿಂದ ಓದಲಾದಷ್ಟನ್ನು ತೆಗೆಯುವ ಪ್ರೋಗ್ರಾಂ) ಇಂದ ಹೊಸ ಡಿಸ್ಕಿಗೆ ನಕಲು ತೆಗೆಯಿರಿ, ಆಮೇಲೆ ನಕಲಿನ ಮೇಲೆ ಪ್ರಯತ್ನ ಮಾಡಿ. ನನ್ನ ಉಳಿದ ಮದುವೆಗಳು ವಾಪಸ್ ಬಂದದ್ದು ಹಾಗೆಯೇ.

ಕಡಲತಡಿ · ಮೇ 29, ಸಂಜೆ 6.10

ಮಳೆ, ಸಿಡಿಲಿನ ವಿಷಯ ಬಿಟ್ಟರೆ ನಮ್ಮ ಊರಲ್ಲಿ ಏನೂ ಹೇಳಿದ ಹಾಗಲ್ಲ.

ಮನೆಯ ಇನ್ವರ್ಟರ್ ಇದೆ, ಸಾಕು ಅಂದುಕೊಳ್ಳಬೇಡಿ. ತುಂಬಾ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಅಂತ ಹಿಂದೆ ಒಂದು ಸ್ವಿಚ್ ಇರುತ್ತದೆ. ಅದು ಆನ್ ಇಲ್ಲದಿದ್ದರೆ ಕರೆಂಟು ಹೋದಾಗ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಬೂಟ್ ಆಗುತ್ತದೆ. ಸಣ್ಣ ಯುಪಿಎಸ್ ಬೇರೆಯೇ ಇಟ್ಟು, ಅದರ ಯುಎಸ್‌ಬಿ ಕೇಬಲ್ ಕಂಪ್ಯೂಟರಿಗೆ ಹಾಕಿ. ಬ್ಯಾಟರಿ ಇಳಿದಾಗ ಲಿನಕ್ಸ್ ತಾನೇ ಶಟ್‌ಡೌನ್ ಆಗುವ ಹಾಗೆ ಮಾಡಿ.

ಗುಡುಗು ಶುರುವಾದರೆ ಪ್ಲಗ್ ತೆಗೆಯುತ್ತೇವೆ, ಆದರೆ ನೆಟ್ ಕೇಬಲ್ ಮರೆಯುತ್ತೇವೆ. ನನ್ನ ಚಿಕ್ಕಮ್ಮನ ಮನೆಯಲ್ಲಿ ಅಕ್ಟೋಬರ್‌ನಲ್ಲಿ ಸಿಡಿಲು ಬಂದದ್ದು ರೌಟರಿನಿಂದ. ರೌಟರ್, ಲ್ಯಾನ್ ಪೋರ್ಟ್, ಮದರ್‌ಬೋರ್ಡ್ ಮೂರೂ ಸುಟ್ಟಿತು. ನಾಲ್ಕು ಡಿಸ್ಕ್ ಒಂದೇ ಪೆಟ್ಟಿಗೆಯಲ್ಲಿದ್ದರೆ, ಒಂದೇ ಪವರ್ ಸಪ್ಲೈಯಿಂದ ಓಡುತ್ತಿದ್ದರೆ, ರೇಡ್ 6 ಆದರೇನು, ಎಲ್ಲಕ್ಕೂ ಒಟ್ಟಿಗೇ ಪೆಟ್ಟು. ಬ್ಯಾಕಪ್ ಬೇರೆ ಊರಲ್ಲಿ ಇರಬೇಕು.

ಮಣಿಪಾಲ_ಸರ್ವರ್‌ರೂಮ್ · ಮೇ 29, ಸಂಜೆ 6.45

ನಾನು ಹೇಳಬೇಕು ಅಂತಿದ್ದದ್ದು ಇದೇ. ಐದನೇ 4 ಟಿಬಿ ಡಿಸ್ಕ್ ತಂದು ಸ್ಪೇರ್ ಇಡುವ ಯೋಚನೆ ನಿಮಗೆ ಬಂದರೆ ಅದರ ಬದಲು 8 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ. ಪೂರಾ ಒಂದು ಪ್ರತಿ ಅದರಲ್ಲಿ ಹಿಡಿಯುತ್ತದೆ. ತಪ್ಪಿ ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ರೇಡ್ ಅದನ್ನು ಎಲ್ಲ ಡಿಸ್ಕಿನಿಂದಲೂ ನಿಷ್ಠೆಯಿಂದ ಅಳಿಸುತ್ತದೆ.

ಆಟದ_ಕ್ಯಾಸೆಟ್ · ಜೂನ್ 2, ರಾತ್ರಿ 10.00

ಅರೇ ಆಯಿತು. ನಾಲ್ಕೂ ಸಿಎಂಆರ್ ಡಿಸ್ಕ್, ನೋಡಿ ಸಮಾಧಾನ ಆಯಿತು. ನಾಲ್ಕರಲ್ಲಿ ಎರಡು ಹಳೆಯದು, ಒಂದು ಉಡುಪಿಯಲ್ಲಿ ತಂದದ್ದು, ಒಂದು ಮಂಗಳೂರಿನ ಹಂಪನಕಟ್ಟೆಯಲ್ಲಿ. ಬೇರೆ ಬೇರೆ ಬ್ಯಾಚ್ ಆಯಿತು. ಮೊದಲ ಸಿಂಕ್‌ಗೆ ಎಂಟು ಗಂಟೆ ಹತ್ತು ನಿಮಿಷ ಹಿಡಿಯಿತು.

ಒಂದು ಪ್ರಶ್ನೆ. ಡಿಸ್ಕ್ ಬಿದ್ದರೆ ನನಗೆ ತಿಳಿಯುವುದು ಹೇಗೆ? ಕಂಪ್ಯೂಟರ್ ಮೂಲೆಯಲ್ಲಿ ಇರುತ್ತದೆ, ಸ್ಕ್ರೀನ್ ಇಲ್ಲ.

ಮಣಿಪಾಲ_ಸರ್ವರ್‌ರೂಮ್ · ಜೂನ್ 3, ಬೆಳಿಗ್ಗೆ 7.00

ಕಾನ್ಫಿಗ್ ಫೈಲಿನಲ್ಲಿ ಮೇಲ್ ವಿಳಾಸ ಹಾಕಿ. ಆದರೆ ಕಂಪ್ಯೂಟರಿನಿಂದ ಮೇಲ್ ಹೊರಗೆ ಹೋಗುವ ಏರ್ಪಾಡು ಬೇರೆ ಮಾಡಬೇಕು, ಇಲ್ಲದಿದ್ದರೆ ಎಚ್ಚರಿಕೆ ಒಳಗೇ ಕೂತಿರುತ್ತದೆ. ಎಂಡಿಎಡಿಎಂನ ಮಾನಿಟರಿಗೆ ಟೆಸ್ಟ್ ಆಯ್ಕೆ ಇದೆ, ಕೊಟ್ಟು ನೋಡಿ. ಫೋನಿಗೆ ಮೇಲ್ ಬಂದರೆ ಮಾತ್ರ ಆಯಿತು ಅಂತ ತಿಳಿಯಿರಿ. ಡೆಬಿಯನ್ ಪ್ರತಿ ತಿಂಗಳ ಮೊದಲ ಭಾನುವಾರ ತಾನೇ ಅರೇ ಚೆಕ್ ಮಾಡುತ್ತದೆ. ಅವತ್ತು ಕಂಪ್ಯೂಟರ್ ಆಫ್ ಮಾಡಬೇಡಿ.

ಇನ್ನೊಂದು ಕೆಲಸ ಬಾಕಿ ಇದೆ. ಕ್ಯಾಸೆಟ್ ಇಳಿಸುವ ಮೊದಲು ಒಂದು ಡಿಸ್ಕನ್ನು ಬೇಕೆಂದೇ ಬೀಳಿಸಿ ನೋಡಿ. ಫೇಲ್ ಅಂತ ಕೊಡಿ, ರಿಮೂವ್ ಕೊಡಿ, ಅದರ ಸೂಪರ್‌ಬ್ಲಾಕ್ (ಯಾವ ಅರೇಗೆ ಸೇರಿದ್ದು ಅಂತ ಡಿಸ್ಕಿನಲ್ಲಿರುವ ಗುರುತು) ಅಳಿಸಿ, ಹೊಸ ಡಿಸ್ಕ್ ಹಾಗೆ ಸೇರಿಸಿ. ಸೂಪರ್‌ಬ್ಲಾಕ್ ಅಳಿಸದಿದ್ದರೆ ಬಿಟ್‌ಮ್ಯಾಪ್ ನೋಡಿ ಕ್ಷಣದಲ್ಲಿ ವಾಪಸ್ ಸೇರಿಸಿಕೊಳ್ಳುತ್ತದೆ, ನಿಜವಾದ ರೀಬಿಲ್ಡ್ ಆಗುವುದಿಲ್ಲ. ಮುಂದೆ ಯಾವುದಾದರೂ ಡಿಸ್ಕ್ ಇನ್ನೂ ಜೀವ ಇರುವಾಗಲೇ ಸಂಶಯ ಬಂದರೆ ಹೀಗೆ ಫೇಲ್ ಮಾಡಬೇಡಿ. ರೀಪ್ಲೇಸ್ ಆಯ್ಕೆ ಬಳಸಿ. ಹಳೇ ಡಿಸ್ಕ್ ಒಳಗಿರುವಾಗಲೇ ಹೊಸದಕ್ಕೆ ನಕಲಾಗುತ್ತದೆ.

ಆಟದ_ಕ್ಯಾಸೆಟ್ · ಜೂನ್ 14, ರಾತ್ರಿ 9.20

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಳೆ ಜೋರು, ಎರಡು ದಿನ ಕರೆಂಟೇ ಇರಲಿಲ್ಲ.

ಅಕ್ಕ ಹೇಳಿದ ಹಾಗೆ ಬೀಳಿಸಿ ನೋಡಿದೆ. ಸ್ಥಿತಿ ತೋರಿಸುವ ಕಡೆ ಡಿಸ್ಕಿಗೆ ಒಂದರಂತೆ ಯು ಅಕ್ಷರ ನಾಲ್ಕು ಸಾಲಾಗಿ ಇತ್ತು. ಫೇಲ್ ಕೊಟ್ಟ ಕೂಡಲೇ ಮೂರನೇ ಯು ಹೋಗಿ ಅಲ್ಲಿ ಅಡ್ಡಗೆರೆ ಬಂತು. ಫೋನಿಗೆ ಮೇಲ್ ಬಂತು. ಅಪ್ಪ ಪಕ್ಕದಲ್ಲೇ ಕೂತಿದ್ದರು. ಆಗ ಪರೀಕ್ಷೆಗೆ ಅಂತ ಇಳಿಸಿದ್ದ ಒಂದೇ ಕ್ಯಾಸೆಟ್ ಅದರಲ್ಲಿತ್ತು. ಹಾಕಿದೆ. ಅಡ್ಡಗೆರೆ ಹಾಗೇ ಇದ್ದರೂ ಚೆಂಡೆ ಪೆಟ್ಟು ತಪ್ಪದೆ ಕೇಳಿತು. ಅಪ್ಪ ಒಂದು ಡಿಸ್ಕ್ ಇಲ್ಲದೆಯೂ ಹೇಗೆ ಅಂತ ಎರಡು ಸಲ ಕೇಳಿದರು. ಮೇಷ್ಟ್ರ ಗೋಣಿ ಲೆಕ್ಕ ಮತ್ತೆ ಹೇಳಿದೆ. ರೀಬಿಲ್ಡ್ ಮುಗಿಯುವಾಗ ಬೆಳಿಗ್ಗೆ ಐದು ಗಂಟೆ.

ಇವತ್ತಿಗೆ 41 ಕ್ಯಾಸೆಟ್ ಇಳಿಸಿ ಆಯಿತು. ಬೂಸ್ಟು ಬಂದ 17 ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. 8 ಟಿಬಿ ಎಕ್ಸ್‌ಟರ್ನಲ್ ಎರಡು ತಂದೆ. ಚೆಕ್‌ಸಮ್ ಪಟ್ಟಿ ಸಮೇತ ನಕಲು ಮಾಡಿದ ಮೊದಲನೆಯದು ನಾಳೆ ತಂಗಿಯ ಜೊತೆ ಕಾರ್ಕಳಕ್ಕೆ ಹೋಗುತ್ತದೆ. ತಿಂಗಳಿಗೊಮ್ಮೆ ಅವಳು ಬರುವಾಗ ಅದಲು ಬದಲು ಮಾಡುತ್ತೇವೆ.

ನಿವೃತ್ತ_ಲೆಕ್ಚರರ್ · ಜೂನ್ 14, ರಾತ್ರಿ 9.55

ತುಂಬಾ ಸಂತೋಷ. ಕ್ಯಾಸೆಟ್‌ನ ಮೇಲಿನ ಚೀಟಿಗಳ ಫೋಟೋ ಕೂಡ ತೆಗೆದಿಡಿ. ಪ್ರಸಂಗ, ದಿನ, ಊರು, ಪಾತ್ರ ಮಾಡಿದವರ ಹೆಸರು ಅಪ್ಪನಿಂದ ಕೇಳಿ ಈಗಲೇ ಬರೆದುಕೊಳ್ಳಿ. ಅದು ಯಾವ ಡಿಸ್ಕಿನಲ್ಲೂ ಇಲ್ಲ.

ಕದ್ರಿ_ಸ್ಟುಡಿಯೋ · ಜೂನ್ 15, ಬೆಳಿಗ್ಗೆ 8.10

ಅಕ್ಕನ ಪೋಸ್ಟ್ ಓದಿ ನಾನೂ ನನ್ನ ಈಗಿನ ಅರೇಯ ಹಾಟ್ ಸ್ಪೇರಿಗೆ ನಿನ್ನೆ ಲಾಂಗ್ ಟೆಸ್ಟ್ ಹಾಕಿದೆ. ಒಂದು ವರ್ಷ ಎಂಟು ತಿಂಗಳಿಂದ ಅದನ್ನು ಮುಟ್ಟಿರಲಿಲ್ಲ. ಟೆಸ್ಟ್ 30 ಪರ್ಸೆಂಟ್ ಬಾಕಿ ಇರುವಾಗ ರೀಡ್ ಫೇಲ್ಯೂರ್ ಅಂತ ನಿಂತಿತು. 197ರಲ್ಲಿ 8 ತೋರಿಸುತ್ತಿದೆ. ಹತ್ತು ಗಂಟೆಗೆ ಅಂಗಡಿ ತೆಗೆಯುತ್ತಾರೆ, ಬೇರೆ ಡಿಸ್ಕ್ ತರಲು ಹೊರಟಿದ್ದೇನೆ.